ಅಭಿರುಚಿಯೂ ಮಿತಿಯೂ

ಗೃಹಸ್ಥನು ಏನನ್ನು ಉಡಬೇಕು, ಯಾವುದರಲ್ಲಿ ಉಣ್ಣಬೇಕು, ಯಾವುದನ್ನು ಹಚ್ಚಿ ಮೀಯಬೇಕು ಎಂಬಿವು ಧರ್ಮವಿಚಾರಕ್ಕೆ ತಕ್ಕ ಪ್ರಶ್ನೆಗಳೆಂದು ಹಿಂದಿನವರು ತಿಳಿದಿದ್ದರು. ನಡುವಣ ಒಂದೆರಡು ತಲೆಮಾರಿನವರು ಅವನ್ನು ಬರಿಯ ಸೌಕರ್ಯದ ಮತ್ತು ಹಣದ ಪ್ರಶ್ನೆಗಳೆಂದು ಬಗೆದರು. ಈಗ ಅವು ಮತ್ತೆ ಧರ್ಮದ ಪ್ರಶ್ನೆಗಳಾಗಿಯೇ ಮನೆಗೆ ಹಿಂದಿರುಗಿವೆ. ಆದರೆ ಬರುವಾಗ ಸಿಂಗರಿಸಿಕೊಂಡು ಬಂದಿವೆ. ಪಟ್ಟಣದ ವಿದ್ಯಾವಂತ ಕುಟುಂಬಗಳಲ್ಲಿ ಕೈಮಗ್ಗದ ಅಂಗಿ, ಸೀಗೆಯ ಪುಡಿ, ಅಡಕೆ ಹಾಳೆಯ ತಟ್ಟೆ, ಮಣ್ಣಿನ ಹೂಜಿ ಇವು ಇಂದು ಸದ್ಗುಣಕ್ಕೂ ಸದಭಿರುಚಿಗೂ ಒಟ್ಟಿಗೇ ಗುರುತಾಗಿವೆ. ಪರಿಸರಸ್ನೇಹಿ ಎಂಬ ಹೊಸ ಮಾತನ್ನು ಅಂಗಡಿಯವನೂ ಗಿರಾಕಿಯೂ ಸಮಾನವಾದ ಭಕ್ತಿಯಿಂದ ಉಚ್ಚರಿಸುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಜನಕ್ಕೆ ಈ ವ್ಯವಹಾರದಲ್ಲಿ ಎರಡು ಬಗೆಯ ಸಂಬಂಧವುಂಟು. ಅವರೂ ಕೊಳ್ಳುವವರೇ, ಅಲ್ಲದೆ ಇತರರು ಕೊಳ್ಳುವ ವಸ್ತುಗಳಲ್ಲಿ ಹಲವು ಹುಟ್ಟುವುದು ಅವರ ತೋಟದಲ್ಲಿ ಮತ್ತು ಅವರ ಕಾಡಿನಲ್ಲಿ. ಆದುದರಿಂದ ಪ್ರಶ್ನೆಯ ಎರಡು ಮುಖಗಳೂ ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣವು.

ಪ್ರಶ್ನೆಯಾದರೂ ಇಷ್ಟೆ: ನೆಲಕ್ಕೂ ನೀರಿಗೂ ಹಿತವಾದ ಬಾಳು ಚೆಲುವಾಗಿಯೂ ಇರಬಹುದೆ? ಚೆಲುವಿಗಾಗಿಯೇ ಅದನ್ನು ಆರಿಸಿಕೊಂಡವನಿಗೆ ಅದರ ಶ್ರೇಯಸ್ಸು ಸಲ್ಲುವುದೆ?

ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಒಪ್ಪ ಓರಣವನ್ನು ಕಂಡರೆ ಮೂಗು ಮುರಿಯುವುದೇ ಸರಳತೆಯೆಂದು ತಿಳಿದ ಕೆಲವರಿದ್ದಾರೆ. ಅವರು ಸಾಗರದ ಕಡೆಯ ದೀವರ ಮನೆಯ ಗೋಡೆಯನ್ನು ಒಮ್ಮೆ ನೋಡಬೇಕು. ಅಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣೇ ಹಿನ್ನೆಲೆ. ನೆನೆಸಿ ಅರೆದ ಅಕ್ಕಿಯಿಂದ ಬಿಳುಪು, ಹುರಿದು ಕರಿಕಾದ ಅಕ್ಕಿಯಿಂದ ಕಪ್ಪು, ಗುರಿಗೆಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆಯನ್ನು ಹೊತ್ತೊಯ್ಯುವ ಬುಟ್ಟಿಗೂ ಇದೇ ಸಿಂಗಾರ. ಕೊಂಡು ತಂದ ವಸ್ತು ಒಂದೂ ಇಲ್ಲದ ಈ ರಚನೆಯಲ್ಲಿ ಗೆರೆಯ ನಯಕ್ಕೆ ಕೊರತೆಯಿಲ್ಲ. ಚೆಲುವೂ ಮಿತವ್ಯಯವೂ ಒಂದೇ ಮನೆಯಲ್ಲಿ ಸುಖವಾಗಿ ಬಾಳಿಕೊಂಡು ಬಂದಿವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಎರಡನೆಯ ಪ್ರಶ್ನೆಯು ತೊಡಕಿನದು. ಅದಕ್ಕೆ ಹೆಗ್ಗೋಡಿನ ಬಳಿಯ ಭೀಮನಕೋಣೆಗೆ ಹೋಗಬೇಕು. ರಂಗಭೂಮಿಯಲ್ಲಿ ಹೆಸರಾದ ಪ್ರಸನ್ನ ಅವರ ಪ್ರಯತ್ನದಿಂದ ೧೯೯೬ರಲ್ಲಿ ಅಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘವು ಹುಟ್ಟಿತು. ಸುತ್ತಲಿನ ಹಳ್ಳಿಗಳ ಹೆಂಗಸರು ಅಲ್ಲಿ ಬಣ್ಣ ಕಾಸಿ, ನೂಲಿಗೆ ಕಟ್ಟಿ, ನೇಯ್ದು, ಹೊಲಿದು ಕೊಟ್ಟ ಬಟ್ಟೆಯು ದೇಸಿ ಎಂಬ ಅಂಗಡಿಗಳ ಮೂಲಕ ಪಟ್ಟಣಗಳನ್ನು ಸೇರುತ್ತ ಬಂದಿತು. ಬಣ್ಣದ ಮೂಲಗಳು ಮಲೆನಾಡಿನವರಿಗೆ ಹೊಸವಲ್ಲ. ಹಸಿ ಅಡಕೆಯನ್ನು ಸುಲಿದು ಬೇಯಿಸುವಾಗ ಹಂಡೆಯಲ್ಲಿ ಇಳಿಯುವ ಚೊಗರಿನಿಂದ ಕೆಂಗಂದು. ದಾಳಿಂಬೆಯ ಸಿಪ್ಪೆಯಿಂದ ಹಳದಿ. ನೀಲಿಯ ಗಿಡದಿಂದ ನೀಲಿ. ಚೊಗರಿನ ಒಗರು ಕಬ್ಬಿಣದ ತುಕ್ಕಿನೊಡನೆ ಕೂಡಿದರೆ ಕಪ್ಪು ಬರುತ್ತದೆಂಬುದನ್ನು ಅಡಕೆ ಸುಲಿದ ಕೈಯಿಂದ ಮೆಟ್ಟುಗತ್ತಿಯನ್ನು ಮುಟ್ಟಿದವರೆಲ್ಲ ಬಲ್ಲರು. ಅಂಗಿಗೆ ಕರೆ ಬಿತ್ತೆಂದು ತಾಯಂದಿರು ಬೈಯುತ್ತಿದ್ದ ವಸ್ತುವೇ ಅಂಗಿಯ ಬಣ್ಣವಾಗಿ ಬೆಲೆ ಪಡೆದುದು ವಿನೋದದ ಸಂಗತಿಯೇ ಸರಿ.

ಇಂತಹ ಅಂಗಿಯನ್ನು ಬೆಂಗಳೂರಿನ ತರುಣನೊಬ್ಬನು ಕೊಳ್ಳುವುದು ನೇಕಾರ್ತಿಯ ಮೇಲಿನ ಗೌರವದಿಂದಲೋ, ಕನ್ನಡಿಯಲ್ಲಿ ಚೆನ್ನಾಗಿ ಕಾಣುವೆನೆಂಬ ಆಸೆಯಿಂದಲೋ? ಎರಡೂ ಬೆರೆತಿರುವುದೇ ಲೋಕದ ಕ್ರಮ. ನೇಕಾರ್ತಿಗೆ ಕೂಲಿ ಎರಡರಿಂದಲೂ ಒಂದೇ ಬಗೆಯಾಗಿ ಬರುತ್ತದೆ. ಹಳ್ಳದ ನೀರಿಗೆ ಸೇರದೆ ಹೋದ ಕ್ಷಾರವೂ ಕೊಂಡವನ ಮನೋಭಾವವನ್ನು ವಿಚಾರಿಸುವುದಿಲ್ಲ. ಹಾಗಿದ್ದರೆ ಉದ್ದೇಶವನ್ನು ಕೆದಕುವುದೇಕೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ಆದರೆ ಒಂದು ಕೊಳ್ಳುವಿಕೆಗೆ ಉದ್ದೇಶವು ಮುಖ್ಯವಲ್ಲದಿದ್ದರೂ ನೂರು ಕೊಳ್ಳುವಿಕೆಗಳ ಸರಣಿಯಲ್ಲಿ ಅದು ಮುಖ್ಯವಾಗುತ್ತದೆ. ಕಾಣಿಸಿಕೊಳ್ಳುವ ಆಸೆಗೆ ಹೊಸದು ಬೇಕು. ಹೊಸದು ಹಳತಾದೊಡನೆ ಇನ್ನೊಂದು ಹೊಸದು ಬೇಕು. ಹತ್ತಿಯಾದರೋ ಮಲೆನಾಡಿನಲ್ಲಿ ಬೆಳೆಯುವುದಲ್ಲ. ಬಯಲುಸೀಮೆಯ ಹೊಲದಲ್ಲಿ ಬಹುಮಟ್ಟಿಗೆ ಕೀಟನಾಶಕವನ್ನು ಉಂಡು ಬೆಳೆದು, ಗಿರಣಿಯಲ್ಲಿ ನೂಲಾಗಿ ಇಲ್ಲಿಗೆ ಬರತಕ್ಕದ್ದು. ಪೆಟ್ಟಿಗೆಯಲ್ಲಿ ಇಪ್ಪತ್ತು ಕೈಮಗ್ಗದ ಅಂಗಿಗಳನ್ನು ಮಡಿಸಿಟ್ಟವನಿಗಿಂತ ನಾಲ್ಕು ಗಿರಣಿ ಅಂಗಿಗಳನ್ನು ಹರಿಯುವವರೆಗೂ ಉಟ್ಟವನು ಭೂಮಿಯ ಮೇಲೆ ಹಗುರಾಗಿ ನಡೆದಿರಬಹುದು.

ಪ್ರಕೃತಿಯಿಂದ ಬಂದುದೆಲ್ಲವೂ ನಿರ್ದೋಷಿಯೆಂಬ ಭಾವನೆಯೂ ಈ ಹೊಸ ಅಭಿರುಚಿಯ ಒಂದು ಮೂಢತೆ. ೧೮೫೬ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಎಳೆಯ ಪ್ರಾಯದ ರಸಾಯನಜ್ಞನು ಕಲ್ಲಿದ್ದಲ ಟಾರಿನ ಸತ್ವದಿಂದ ನೇರಳೆ ಬಣ್ಣವನ್ನು ಪಡೆದನು. ೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯವರು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮುಂಚೆ ಲೋಕವು ತೊಟ್ಟ ನೀಲಿಯೆಲ್ಲ ಗಿಡದ ನೀಲಿಯೇ. ಆ ಗಿಡವನ್ನು ತಮ್ಮ ಹೊಲದ ಇಪ್ಪತ್ತರಲ್ಲಿ ಮೂರು ಪಾಲಿನಲ್ಲಿ ಬೆಳೆಯಲೇಬೇಕೆಂಬ ಬಲಾತ್ಕಾರಕ್ಕೆ ಸಿಕ್ಕಿದ್ದ ಚಂಪಾರಣದ ರೈತರ ಕಷ್ಟವನ್ನು ವಿಚಾರಿಸಲು ಗಾಂಧೀಜಿಯವರು ೧೯೧೭ರಲ್ಲಿ ಅಲ್ಲಿಗೆ ಹೋದ ಸಂಗತಿ ಎಲ್ಲರಿಗೂ ತಿಳಿದದ್ದು. ಬಣ್ಣವು ನಿಸರ್ಗದ್ದು, ಅದನ್ನು ಬೆಳೆಯಿಸಿದ ಕ್ರಮವು ಕ್ರೂರ.

ಚಂಪಾರಣದವರೆಗೆ ಹೋಗಬೇಕಾದುದೂ ಇಲ್ಲ. ಉಪ್ಪಾಗೆಯ ಮರವು ಈ ಮೂರು ತಾಲ್ಲೂಕುಗಳವರಿಗೆ ಪರಿಚಿತವಾದದ್ದು. ಅದರ ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುವುದೂ ಬೀಜದಿಂದ ತುಪ್ಪ ತೆಗೆಯುವುದೂ ಹಳೆಯ ರೂಢಿ. ಮನೆಗೆ ಬೇಕಾದುದು ಒಂದು ಭರಣಿಯಷ್ಟು. ಅಷ್ಟನ್ನು ಬಿದ್ದ ಹಣ್ಣಿನಿಂದಲೇ ಕೂಡಿಸಬಹುದಾಗಿತ್ತು. ೧೯೯೦ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಒಂದು ಆಮ್ಲವು ಮೈಯ ಬೊಜ್ಜನ್ನು ಕರಗಿಸುತ್ತದೆಂಬ ಪ್ರಚಾರವು ಅಮೆರಿಕದಲ್ಲಿ ಹಬ್ಬಿತು. ಗಿಡಮೂಲಿಕೆಯದು, ಅಪಾಯವಿಲ್ಲದ್ದು ಎಂಬ ಹೊಗಳಿಕೆಯೇ ಅದರ ಬಂಡವಾಳ. ಅಲ್ಲಿನ ಸುಖವಂತರ ಸೊಂಟದ ಚಿಂತೆಯು ಇಲ್ಲಿನ ಕಾಡಿನಲ್ಲಿ ಬೆಲೆಯಾಗಿ ಇಳಿಯಿತು. ಬೆಲೆ ಏರಿದೊಡನೆ ಪೈಪೋಟಿ, ಪೈಪೋಟಿಯಿಂದ ಆತುರ. ತಾನು ಬಿಟ್ಟರೆ ನಾಳೆ ಇನ್ನೊಬ್ಬನು ಕೊಯ್ದಾನೆಂಬ ಭಯದಿಂದ ಹಣ್ಣಾಗುವ ಮೊದಲೇ ಕೊಯ್ಯುವುದು, ಕೈಗೆ ಸಿಕ್ಕದ ಕೊಂಬೆಯನ್ನು ಕಡಿಯುವುದು ನಡೆಯಿತು. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಿ. ಬಿಸಿಲಿಗೆ ಒಣಗಿಸುವ ಮಾತಿಲ್ಲ. ಆದುದರಿಂದ ಒಲೆಯ ಮೇಲೆ ಅಟ್ಟ ಕಟ್ಟಿ ಹಗಲಿರುಳು ಬೆಂಕಿ ಉರಿಸಬೇಕು. ಆ ಬೆಂಕಿಗೆ ಕಟ್ಟಿಗೆಯೂ ಅದೇ ಕಾಡಿನದು. ಶರಾವತಿ ಕಣಿವೆಯ ಸಿಂಗಳೀಕಗಳಿಗೆ ಈ ಹಣ್ಣು ಆಹಾರವೆಂಬುದನ್ನು ಲೆಕ್ಕದಲ್ಲಿ ಹಿಡಿದವರು ಯಾರು?

ಕಥೆಯ ಕೊನೆಯು ಇನ್ನೂ ಕಹಿಯಾದದ್ದು. ೧೯೯೮ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲವು ಪ್ರಕಟವಾಯಿತು. ೧೩೫ ಮಂದಿಯ ಮೇಲೆ ೧೨ ವಾರ ನಡೆಸಿದ ಆ ಪರೀಕ್ಷೆಯಲ್ಲಿ, ಉಪ್ಪಾಗೆಯ ಸತ್ವವನ್ನು ಸೇವಿಸಿದವರು ಹುಸಿ ಗುಳಿಗೆಯನ್ನು ನುಂಗಿದವರಿಗಿಂತ ಹೆಚ್ಚಾಗಿ ತೂಕ ಇಳಿಸಿಕೊಳ್ಳಲಿಲ್ಲ. ಅಂತೂ ಯಾರ ಬೊಜ್ಜೂ ಕರಗದೆ ಕೊಂಬೆಗಳು ಮಾತ್ರ ಉರುಳಿದ್ದವು. ಇದರಲ್ಲಿ ಕೊಯ್ದವನನ್ನು ದೂರುವುದು ಸುಲಭ, ನ್ಯಾಯವಲ್ಲ. ಮಳೆಗಾಲದಲ್ಲಿ ಕೂಲಿ ಕಾಣದ ಮನೆಗೆ ಆ ಸಿಪ್ಪೆಯು ಅಕ್ಕಿ ತಂದಿತು, ಮಕ್ಕಳ ಶಾಲೆಯ ಖರ್ಚಿಗೆ ಆಯಿತು. ದೂರದ ಗಿರಾಕಿಯೂ ಕೇಡು ಬಯಸಿದವನಲ್ಲ. ರಾಸಾಯನಿಕ ಔಷಧಕ್ಕಿಂತ ಹಣ್ಣಿನ ಸತ್ವವು ಮೇಲೆಂದು ನಂಬಿದ ಸಜ್ಜನನು. ಇಬ್ಬರು ನಿರಪರಾಧಿಗಳ ನಡುವೆ ಮರವು ಬಿದ್ದಿತು ಎನ್ನಬೇಕು. ಕೊಳ್ಳುವವನು ವಸ್ತುವಿನ ಜಾತಿಯನ್ನು ವಿಚಾರಿಸಿದನು. ಮರಕ್ಕೆ ಎಷ್ಟು ಕೊಡಲು ಸಾಧ್ಯವೆಂಬುದನ್ನು ವಿಚಾರಿಸಲಿಲ್ಲ, ವಿಚಾರಿಸಿದ್ದರೂ ಹೇಳುವವರು ಅಷ್ಟು ದೂರದಲ್ಲಿ ಇರಲಿಲ್ಲ.

ಹೊಳೆದಂಡೆಯ ಅಪ್ಪೆಮಿಡಿಯದೂ ಹೆಚ್ಚುಕಡಮೆ ಇದೇ ಪಾಡು. ೨೦೦೯ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಗೌರವವು ದೊರೆಯಿತು; ಉಪ್ಪಿನಕಾಯಿಯ ಕೀರ್ತಿಯು ಪಟ್ಟಣಕ್ಕೆ ಹಬ್ಬಿದಂತೆಲ್ಲ ಮಿಡಿಗಾಗಿ ಕೊಂಬೆ ಕಡಿಯುವವರೂ ಹೆಚ್ಚಿದರು. ಆದರೆ ಇಲ್ಲಿ ಒಂದು ಸಮಾಧಾನವುಂಟು: ಒಳ್ಳೆಯ ಮರಗಳ ಕುಡಿಯನ್ನು ತಂದು ಕಸಿ ಕಟ್ಟಿ ತಮ್ಮ ತೋಟದಂಚಿನಲ್ಲಿ ಬೆಳೆಸಿದ ರೈತರು ಸಾಗರದ ಕಡೆಯಲ್ಲಿದ್ದಾರೆ. ನಾಲಗೆಯ ಚಪಲವು ಮರವನ್ನು ಕಡಿಸಿದಂತೆ ನೆಡಿಸಲೂ ಬಲ್ಲದು.

ಹಾಳೆಯ ವಿಷಯಕ್ಕೆ ಬಂದರೆ, ಅಡಕೆ ಮರದಿಂದ ತಾನಾಗಿ ಕಳಚಿ ಬೀಳುವ ಈ ವಸ್ತುವಿನಷ್ಟು ನಿರಪಾಯವಾದುದು ಬೇರೆ ಇಲ್ಲವೆಂದು ತೋರುತ್ತದೆ. ಮಲೆನಾಡಿಗರು ಅದನ್ನು ಬಿಸುಡಿದವರಲ್ಲ: ತಲೆಗೆ ಟೊಪ್ಪಿಯಾಯಿತು, ಕೂಸನ್ನು ಮಲಗಿಸಿ ಮೀಯಿಸುವುದಕ್ಕಾಯಿತು, ದನಕ್ಕೆ ಮೇವಾಯಿತು, ಉಳಿದುದು ಕೊಟ್ಟಿಗೆಯನ್ನು ಹಾಯ್ದು ಗೊಬ್ಬರವಾಗಿ ಅದೇ ಮರದ ಬುಡವನ್ನು ಸೇರಿತು. ಈಗ ಅದು ಯಂತ್ರದ ಕಾವಿನಲ್ಲಿ ತಟ್ಟೆಯಾಗಿ ಸಮುದ್ರವನ್ನು ದಾಟಿ, ಒಂದು ಹೊತ್ತಿನ ಊಟಕ್ಕೆ ಒದಗಿ ಕಸವಾಗುತ್ತದೆ. ೨೦೨೫ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು, ಅಡಕೆಯಲ್ಲಿನ ಕೆಲವು ಸತ್ವಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಈ ತಟ್ಟೆಗಳ ಬಗ್ಗೆ ಆಕ್ಷೇಪವೆತ್ತಿತು. ಆ ವಾದವು ಏನೇ ಇರಲಿ, ಊರಿನ ಮದುವೆಯಲ್ಲಿ ಪ್ಲಾಸ್ಟಿಕ್ಕಿನ ಬದಲು ಹಾಳೆ ತಟ್ಟೆಯನ್ನು ಹಾಕುವುದು ಒಳ್ಳೆಯದೇ. ತೊಳೆದು ಮತ್ತೆ ಬಳಸುವ ತಟ್ಟೆಯೂ ತೊಳೆಯುವ ಕೈಗಳೂ ಇದ್ದಲ್ಲಿ ಅದೂ ಬೇಡ. ಹಿತ್ತಲಲ್ಲಿ ಬಾಳೆಯಿದ್ದಲ್ಲಂತೂ ಮಾತೇ ಇಲ್ಲ.

ಮದುವೆಯ ಮಾತು ಬಂದುದರಿಂದ ತೀರ್ಥಹಳ್ಳಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕುಪ್ಪಳಿಯ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿವಾಹಕ್ರಮವನ್ನು ರೂಪಿಸಿದರು. ಅವರ ಮಗ ತೇಜಸ್ವಿಯವರ ಮದುವೆಯು ೧೯೬೬ರಲ್ಲಿ ಆ ಕ್ರಮದಲ್ಲಿಯೇ ನಡೆಯಿತು. ವರದಕ್ಷಿಣೆ, ಆಡಂಬರ, ಸಾಲ ಇವುಗಳಿಂದ ಗೃಹಸ್ಥನನ್ನು ಬಿಡಿಸುವುದು ಅದರ ಗುರಿಯಾಗಿತ್ತು. ಪರಿಸರದ ಮಾತು ಆಗ ಹುಟ್ಟಿರಲಿಲ್ಲ. ಆದರೂ ಅಂತಹ ಒಂದು ಮದುವೆಯು ಉಳಿಸುವಷ್ಟು ಅನ್ನವನ್ನೂ ಎಣ್ಣೆಯನ್ನೂ ಪರಿಸರಸ್ನೇಹಿ ಎಂದು ಅಚ್ಚು ಹಾಕಿಸಿದ ಸಾವಿರ ಆಮಂತ್ರಣಪತ್ರಿಕೆಗಳು ಉಳಿಸಲಾರವು. ಕಡಮೆ ಕೊಳ್ಳುವುದೂ ಒಂದು ಆಯ್ಕೆಯೇ. ಅದನ್ನು ಮಾರುವ ಅಂಗಡಿಯಿಲ್ಲವಾದುದರಿಂದ ಅದರ ಜಾಹೀರಾತು ಕಣ್ಣಿಗೆ ಬೀಳುವುದಿಲ್ಲ.

ಇನ್ನು ವಿದ್ಯುತ್ತು. ಹೊಗೆಯಿಲ್ಲದ ಒಲೆ, ಹೊಗೆಯಿಲ್ಲದ ಬಂಡಿ ಇವುಗಳಿಂದ ಪಟ್ಟಣದ ಗಾಳಿಯು ತಿಳಿಯಾಗುವುದು ನಿಜ. ಆ ಶಕ್ತಿಯ ಒಂದು ಪಾಲು ಶರಾವತಿಯದು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಗದ್ದೆ, ತೋಟ, ದೇವಸ್ಥಾನಗಳೊಡನೆ ನೀರಿನಡಿಗೆ ಹೋದವು. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು ೨೦೨೫ರ ಜುಲೈಯಲ್ಲಿ ಸೇತುವೆಯಾಗುವವರೆಗೂ ಆಸ್ಪತ್ರೆಗೂ ಲಾಂಚನ್ನೇ ಕಾಯಬೇಕಾಗಿತ್ತು. ಬೇರೆಯವರ ಮನೆಯನ್ನು ಬೆಳಗಲು ತಮ್ಮ ಮನೆಯನ್ನು ಬಿಟ್ಟುಕೊಟ್ಟವರು ಇವರು. ಸ್ವಿಚ್ಚನ್ನು ಒತ್ತುವಾಗಲೆಲ್ಲ ಇದನ್ನು ನೆನೆದು ಕಣ್ಣೀರಿಡಬೇಕೆಂದು ಯಾರೂ ಹೇಳುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿರುವಾಗಲಾದರೂ ನೆನೆಯಬಹುದು.

ಬೆಲೆಯ ಪ್ರಶ್ನೆಯೊಂದು ಉಳಿಯುತ್ತದೆ. ಅದೇ ಅತ್ಯಂತ ಇಕ್ಕಟ್ಟಿನದು. ಕೈಯಿಂದ ನೇಯ್ದು ಚೊಗರಿನಲ್ಲಿ ಅದ್ದಿದ ಬಟ್ಟೆಯು ಸಂತೆಯ ಪಾಲಿಯೆಸ್ಟರ್ ಸೀರೆಯ ಬೆಲೆಗೆ ಬರುವುದಿಲ್ಲ. ಬಂದರೆ ನೇಯ್ದವಳಿಗೆ ಕೂಲಿ ಸಿಕ್ಕಿಲ್ಲವೆಂದೇ ತಿಳಿಯಬೇಕು. ಬಡವಳು ಪಾಲಿಯೆಸ್ಟರನ್ನು ಉಟ್ಟರೆ ಅದು ಅವಳ ಅವಿವೇಕವೆನ್ನುವುದು ಹೊಟ್ಟೆ ತುಂಬಿದವರ ಧರ್ಮಶಾಸ್ತ್ರ. ಮಲೆನಾಡಿನ ಮಳೆಯಲ್ಲಿ ಬೇಗ ಒಣಗುವ ಸೀರೆಯ ಉಪಕಾರವು ಒಂದೇ ಬದಲು ಸೀರೆಯಿರುವವಳಿಗೆ ಮಾತ್ರ ಗೊತ್ತು. ಆಯ್ಕೆಯ ಹೊಣೆಯು ಆಯ್ಕೆಯುಳ್ಳವರದು. ಕೈಕೆಲಸದ ವಸ್ತುಗಳ ಮೇಲೆ ತೆರಿಗೆ ಕೂಡದೆಂದು ಪ್ರಸನ್ನ ಅವರು ೨೦೧೭ರಲ್ಲಿ ಸತ್ಯಾಗ್ರಹ ಹೂಡಿದ್ದು ಈ ಬೆಲೆಯ ಅಂತರವನ್ನು ಕಂಡೇ. ೨೦೨೦ರಲ್ಲಿ, ಸಾಂಕ್ರಾಮಿಕದ ವರ್ಷ, ನೇಯ್ದ ಬಟ್ಟೆಯು ಮಾರಾಟವಾಗದೆ ಉಳಿದು ಮಗ್ಗಗಳನ್ನು ನಡೆಯಿಸಲಾರದ ಸಂಕಟವನ್ನು ಚರಕವು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಅಂತಹ ವರ್ಷದಲ್ಲಿ ಗಿರಾಕಿಗಳು ಎರಡು ಬಗೆಯಾಗಿ ಬೇರ್ಪಡುತ್ತಾರೆ. ಕೈಮಗ್ಗವು ಒಂದು ಶೋಕಿಯಾಗಿದ್ದವರು ಶೋಕಿಗೆ ಕಾಲವಲ್ಲವೆಂದು ಮೊದಲು ಕೈ ಬಿಡುತ್ತಾರೆ. ವರ್ಷಕ್ಕೆ ಇಷ್ಟೇ ಎಂದು ಲೆಕ್ಕ ಹಾಕಿ, ಆ ಇಷ್ಟನ್ನು ಇಲ್ಲಿಯೇ ಕೊಳ್ಳುವ ರೂಢಿ ಮಾಡಿಕೊಂಡವರು ಆ ವರ್ಷವೂ ಅಷ್ಟನ್ನು ಕೊಳ್ಳುತ್ತಾರೆ. ಮರುಕದಿಂದ ಒಮ್ಮೆ ಹತ್ತು ಅಂಗಿಗಳನ್ನು ಕೊಂಡು ಮರೆತುಬಿಡುವ ಉದಾರಿಗಳೂ ಉಂಟು. ಇವರಲ್ಲಿ ಯಾರು ಎಷ್ಟು ಮಂದಿ ಎಂಬುದನ್ನು ಭೀಮನಕೋಣೆಯ ಲೆಕ್ಕದ ಪುಸ್ತಕವು ಪತ್ರಿಕೆಯ ಲೇಖನಗಳಿಗಿಂತ ಚೆನ್ನಾಗಿ ಬಲ್ಲದು.