ಆರದಿರಲಿ ಕಿರುಜ್ವಾಲೆ



ಅಮೆರಿಕ, ಕೆನಡಾದಂಥ ಶೀತಪ್ರದೇಶಗಳ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ, ಮನೆಯನ್ನು ಬೆಚ್ಚಗಿಡುವ ಅನಿಲದ ಕುಲುಮೆಯೊಂದಿರುತ್ತದೆ. ಅದರೊಳಗೆ ಪುಟ್ಟದೊಂದು ನೀಲಿಜ್ವಾಲೆ ಹಗಲಿರುಳೂ ಉರಿಯುತ್ತಿರುತ್ತದೆ. ಅದರ ಹೆಸರು ‘ಪೈಲಟ್ ಲೈಟ್’. ಅದರಿಂದ ಮನೆ ಬೆಚ್ಚಗಾಗದು. ಆದರೆ ಚಳಿ ಏರಿದಾಗ ಥರ್ಮೋಸ್ಟಾಟ್ ಸೂಚನೆ ನೀಡುತ್ತದೆ, ಕವಾಟ ತೆರೆದು ಅನಿಲ ದೊಡ್ಡ ಬರ್ನರಿಗೆ ಹರಿಯುತ್ತದೆ. ಆಗ ಈ ಕಿರುಜ್ವಾಲೆ ತಾಗಿಯೇ ಬರ್ನರ್ ಹೊತ್ತಿಕೊಳ್ಳುತ್ತದೆ.

ಕೆಲಸವಿಲ್ಲದಾಗಲೂ ಹೀಗೆ ಉರಿಯುವುದು ವ್ಯರ್ಥವಲ್ಲವೇ? ಅನಿಲದ ಲೆಕ್ಕದಲ್ಲಿ ಹೌದು. ಆದ್ದರಿಂದಲೇ ಹೊಸ ಕುಲುಮೆಗಳು ಬೇಕಾದಾಗ ಮಾತ್ರ ವಿದ್ಯುತ್ತಿನಿಂದ ಹೊತ್ತಿಕೊಳ್ಳುತ್ತವೆ. ಪ್ರಾರ್ಥನೆಯ ಕುರಿತೂ ಇದೇ ವಾದ ಕೇಳಿಬರುತ್ತದೆ: ಕಷ್ಟ ಬಂದಾಗ ದೇವರನ್ನು ಕರೆದರಾಯಿತು, ದಿನನಿತ್ಯ ಜಪಸರವೇಕೆ?

ಆ ಕಿರುಜ್ವಾಲೆಗೆ ಇನ್ನೊಂದು ಕೆಲಸವೂ ಇದೆ. ಎರಡು ಲೋಹಗಳನ್ನು ಬೆಸೆದ ‘ಥರ್ಮೋಕಪಲ್’ನ ತುದಿಯನ್ನು ಅದು ಸದಾ ಕಾಯಿಸುತ್ತಿರುತ್ತದೆ. ಹೀಗೆ ಕಾದ ಬೆಸುಗೆಯಲ್ಲಿ ವಿದ್ಯುತ್ ಹುಟ್ಟುತ್ತದೆಂಬ ತತ್ತ್ವದ ಮೂಲ 1821ರಲ್ಲಿ ಜರ್ಮನ್ ವಿಜ್ಞಾನಿ ಸೀಬೆಕ್ ನಡೆಸಿದ ಪ್ರಯೋಗಗಳಲ್ಲಿದೆ. ಇಲ್ಲಿ ಹುಟ್ಟುವುದು ಸುಮಾರು 30 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ ಐವತ್ತರಲ್ಲೊಂದು ಪಾಲು! ಆದರೂ ಸುರಕ್ಷಾ ಕವಾಟವನ್ನು ತೆರೆದು ಹಿಡಿದಿರುವುದು ಅದೇ. ಜ್ವಾಲೆ ಆರಿದರೆ ಲೋಹ ತಣಿಯುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ಉರಿಯದ ಅನಿಲ ಮನೆಯೊಳಗೆ ತುಂಬಿ, ಒಂದು ಕಿಡಿಗೆ ಸ್ಫೋಟಗೊಳ್ಳಬಹುದು.

ಬೆಚ್ಚಗಿಡುವ ಅನಿಲವೇ ಜ್ವಾಲೆಯಿಲ್ಲದೆಡೆ ಅಪಾಯಕಾರಿ. ನಮ್ಮ ಹಣ, ವಿದ್ಯೆ, ಅಧಿಕಾರ, ಮಾತಿನ ಬಲ ಕೂಡ ಹೀಗೆಯೇ. ಪ್ರೀತಿಯ ಕಿಡಿಯಿಲ್ಲದ ಹೃದಯದಲ್ಲಿ ಇವು ಶೇಖರಗೊಂಡರೆ, ಒಂದು ಸಣ್ಣ ಮಾತಿಗೆ ಕುಟುಂಬವೇ ಒಡೆಯುತ್ತದೆ. ಅನುದಿನದ ಪ್ರಾರ್ಥನೆ ಆಪತ್ಕಾಲಕ್ಕಾಗಿ ಕೂಡಿಟ್ಟ ಠೇವಣಿಯಲ್ಲ. ನಮ್ಮ ಶಕ್ತಿ ಇತರರಿಗೆ ಕೇಡಾಗದಂತೆ ಇಂದೇ ಕಾಯುವ ಜ್ವಾಲೆ. ಮತ್ತಾಯನ ಶುಭಸಂದೇಶದ ಹತ್ತು ಕನ್ಯೆಯರ ಸಾಮತಿಯಲ್ಲಿಯೂ ದೀಪ ಎಲ್ಲರಲ್ಲಿತ್ತು. ಎಣ್ಣೆಯ ಸಿದ್ಧತೆ ಐವರಲ್ಲಿ ಮಾತ್ರ.

ಜ್ವಾಲೆ ಆರಿಹೋದರೆ? ಆ ಅಲ್ಪ ವಿದ್ಯುತ್ತು ತೆರೆದ ಕವಾಟವನ್ನು ಹಿಡಿದಿಡಬಲ್ಲುದೇ ಹೊರತು, ಮುಚ್ಚಿದ್ದನ್ನು ತೆರೆಯಲಾರದು. ಯಾರಾದರೂ ಬಂದು ಗುಂಡಿ ಒತ್ತಿ, ಬೆಂಕಿ ತಾಗಿಸಿ, ಲೋಹ ಕಾಯುವವರೆಗೆ ಕೈ ತೆಗೆಯದೆ ನಿಲ್ಲಬೇಕು. ಅವಸರದಿಂದ ಕೈ ಬಿಟ್ಟರೆ ಜ್ವಾಲೆ ಮತ್ತೆ ಆರುತ್ತದೆ. ಪಾಪನಿವೇದನೆಯ ಸಂಸ್ಕಾರದಲ್ಲಿ ದೇವರು ನಮಗೆ ಮಾಡುವುದು ಇದನ್ನೇ. ನಿಮ್ಮ ಮನೆಯಲ್ಲಿಯೂ ವಿಶ್ವಾಸ ಕುಂದಿದ ಮಗನಿರಬಹುದು, ನಿರಾಶೆಗೊಂಡ ಸಂಗಾತಿಯಿರಬಹುದು. ಒಂದು ದಿನದ ಉಪದೇಶ ಅವರಿಗೆ ಸಾಲದು. ಅವರೊಳಗಿನ ಲೋಹ ಕಾಯುವವರೆಗೆ ನಿಮ್ಮ ಕೈ ಅಲ್ಲಿಯೇ ಇರಲಿ.