ಪಾಯಾ ಬಲ್ಲ ಕೈಗಳು

ಹಾರೂಗೇರಿ ಸುತ್ತಲಿನ ಎರಿ ಭೂಮಿಯಲ್ಲಿ ಮನೆಗೆ ಪಾಯಾ ತೋಡುವಾಗ ಸ್ವಲ್ಪ ಹೊತ್ತು ನಿಂತು ನೋಡಬೇಕು. ನಕ್ಷೆಯಲ್ಲಿ ಬರೆದಷ್ಟು ಆಳ ಮುಗಿದಿರುತ್ತದೆ. ಆದರೂ ಹಿರಿಯ ಗೌಂಡಿ ತಗ್ಗಿಗಿಳಿದು, ತಳದ ಹೆಂಟೆಯೊಂದನ್ನು ಒಡೆದು, ಬೆರಳಲ್ಲಿ ತಿಕ್ಕಿ ತಲೆ ಅಲ್ಲಾಡಿಸುತ್ತಾರೆ.

"ಇನ್ನೂ ಎರಿನ ಐತ್ರಿ ಸಾಹೇಬ್ರ. ಗರಸು ಹತ್ತೂತನಕ ಬಿಡಬ್ಯಾಡ್ರಿ."

"ಎಷ್ಟು ಆಳ ಬೇಕು ಕಾಕಾ?"

"ಅದನ್ನ ಈಗ ಹ್ಯಾಂಗ ಹೇಳ್ಲಿ? ತೋಡಿದ ಮ್ಯಾಲ ಗೊತ್ತಾಗ್ತೈತಿ."

ಈ ಕೊನೆಯ ಮಾತನ್ನು ಅಜ್ಞಾನವೆಂದು ಬದಿಗೆ ಸರಿಸುವವರುಂಟು. ನನಗೆ ಅದರಲ್ಲಿ ಇಡೀ ಕಟ್ಟಡ ಕಸುಬಿನ ದೊಡ್ಡ ಪ್ರಶ್ನೆಯೇ ಕಾಣುತ್ತದೆ. ಎರಿ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಈ ಏರಿಳಿತ ತಟ್ಟದ ಆಳಕ್ಕೆ ಪಾಯಾ ಇಳಿಯದಿದ್ದರೆ ಗೋಡೆ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ರೂಪಿಸಿತು. ಎರಿ ಪದರ ಆಳವಾಗಿದ್ದಲ್ಲಿ ಅದು ಕನಿಷ್ಠ 3.5 ಮೀಟರ್ ಇಳಿಯಬೇಕೆಂದು ಐಎಸ್ 2911 ಸಂಹಿತೆ ಹೇಳುತ್ತದೆ. ಸಂಹಿತೆಯೂ ಗೌಂಡಿಯೂ ಹುಡುಕುವುದು ಅಲುಗದ ನೆಲವನ್ನೇ. ಸಂಹಿತೆಗೆ ಕಾರಣ ಗೊತ್ತು. ಮಣ್ಣು ಪರೀಕ್ಷೆ ಮಾಡಿಸದ ಸಣ್ಣ ಮನೆಯ ಜಾಗದಲ್ಲಿ ಆ ನೆಲ ಎಲ್ಲಿ ಸಿಗುತ್ತದೆಂಬುದು ಗೌಂಡಿಯ ಬೆರಳಿಗೆ ಗೊತ್ತು.

ಬೆರಳಿನ ಈ ತಿಳಿವನ್ನು ಬರೆದಿಡಬಹುದೇ? ತತ್ತ್ವಚಿಂತಕ ಮೈಕೆಲ್ ಪೊಲಾನ್ಯಿ 1966ರಲ್ಲಿ 'ದಿ ಟ್ಯಾಸಿಟ್ ಡೈಮೆನ್ಷನ್' ಬರೆದದ್ದು ಮಾತಿಗೆ ಪೂರ್ತಿ ಸಿಗದ ಇಂಥ ಅರಿವಿನ ಬಗ್ಗೆಯೇ. ಜಪಾನಿನ ನಿರ್ವಹಣಾ ವಿದ್ವಾಂಸರಾದ ನೊನಾಕಾ ಮತ್ತು ತಾಕೆಯುಚಿ 1995ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅವರು ಕೊಟ್ಟ ಉದಾಹರಣೆ ಇದು: ಬ್ರೆಡ್ ಯಂತ್ರಕ್ಕೆ ಹಿಟ್ಟು ಸರಿಯಾಗಿ ನಾದಲು ಬಾರದಿದ್ದಾಗ ಮತ್ಸುಶಿತಾ ಕಂಪನಿಯವರು ಒಸಾಕಾದ ಹೋಟೆಲೊಂದರ ಬ್ರೆಡ್ ಕುಶಲಿಯ ಬಳಿ ಹೋಗಿ ನಾದುವುದನ್ನು ಕಲಿತರು. ಆ ಕುಶಲಿ ಹಿಟ್ಟನ್ನು ಎಳೆಯುತ್ತಲೇ ತಿರುಚುತ್ತಿದ್ದುದು ಕಣ್ಣಿಗೆ ಬಿದ್ದ ಮೇಲೆ ಯಂತ್ರದ ವಿನ್ಯಾಸ ಬದಲಾಯಿತು. ಜೊತೆಗೆ ನಿಂತು ಕೈಯಾಡಿಸಿದ್ದರಿಂದಲೇ ಕೈಯ ಅರಿವು ಕಾಗದಕ್ಕೆ ಇಳಿಯಿತು.

ಹಾಗೆಂದು ಕೈಯೇ ಕೊನೆಯ ಪ್ರಮಾಣವಲ್ಲ. ಹೊಳೆಯ ಉಸುಕಿಗೆ ಪಳಗಿದ ಕೈಗಳಿಗೆ ಈಗ ಕಲ್ಲು ಒಡೆದು ಮಾಡಿದ ಎಂ-ಸ್ಯಾಂಡ್ ಬಂದಿದೆ. 2016ರ ಐಎಸ್ 383 ಸಂಹಿತೆ ಅದನ್ನು ಒಪ್ಪಿಕೊಂಡಿದೆ. ಇದರ ಕಣ ಚೂಪು, ಪುಡಿಯೂ ಹೆಚ್ಚು. ಅದೇ ಹದ ಬರಲು ಹೆಚ್ಚು ನೀರು ಕೇಳುತ್ತದೆ. ಹಳೆಯ ಅಂದಾಜಿನಲ್ಲಿ ಮಾಲು ಬಿರುಸಾಯಿತೆಂದು ಇನ್ನೊಂದು ಬಕೆಟ್ ಸುರಿದರೆ ಸ್ಲ್ಯಾಬಿನ ಬಲ ಕುಂದುತ್ತದೆ. ನೀರುಣಿಸುವುದೂ ಹೀಗೆಯೇ: ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ ಎನ್ನುತ್ತದೆ ಐಎಸ್ 456. ಕಾರಣ ತಿಳಿಯದ ರೂಢಿ ಸಾಮಾನು ಬದಲಾದ ದಿನವೇ ಕೈಕೊಡುತ್ತದೆ. ಆದ್ದರಿಂದ ಅರಿವು ಎರಡೂ ಕಡೆಯಿಂದ ನಡೆದುಬರಬೇಕು: ಗೌಂಡಿಗೆ ಕಾರಣ ಸಿಗಬೇಕು, ಎಂಜಿನಿಯರ್‌ಗೆ ಸ್ಪರ್ಶ ಸಿಗಬೇಕು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯಲ್ಲಿ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಯಾವ ಗೋಡೆ ಬುಡ ನೆನೆದು ಬಿತ್ತು, ಅದರ ಪಕ್ಕದ್ದು ಹೇಗೆ ತಡೆದು ನಿಂತಿತು ಎಂಬುದನ್ನು ಆ ಮನೆಗಳನ್ನು ಮತ್ತೆ ಕಟ್ಟಿದ ಗೌಂಡಿಗಳು ಕಣ್ಣಾರೆ ಕಂಡಿದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡರೆ, ಮುಂದಿನ ನೆರೆಗೆ ಅದಕ್ಕಿಂತ ಒಳ್ಳೆಯ ಸಿದ್ಧತೆ ಯಾವುದಿದೆ?

ತೊಡಕು ಇರುವುದು ಕೂಲಿಯ ಲೆಕ್ಕದಲ್ಲಿ. ಚದರ ಅಡಿಗೆ ಇಂತಿಷ್ಟು ಎಂದು ಗುತ್ತಿಗೆ ಹಿಡಿದವರು ಹುಡುಗನೊಬ್ಬನ ಕೈಗೆ ಓಳಂಬ ಕೊಟ್ಟು, ಅವನು ತಪ್ಪುವವರೆಗೆ ಕಾದು, ತಿದ್ದಲು ನಿಂತರೆ ಅಂದಿನ ಗಳಿಕೆಯೇ ತಗ್ಗುತ್ತದೆ. ಕಲಿಸುವುದನ್ನು ನಾವು ಕೆಲಸವೆಂದೇ ಎಣಿಸಿಲ್ಲ. 1996ರ ಕಾನೂನಿನಡಿ ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಅನ್ನು ಕಾರ್ಮಿಕರ ಕಲ್ಯಾಣಕ್ಕೆಂದು ಸಂಗ್ರಹಿಸುವ ಏರ್ಪಾಡು ಬಂತು. ಬಲ್ಲ ಗೌಂಡಿಗೆ ಕಲಿಸುವ ದಿನದ ಪೂರ್ತಿ ಪಗಾರ ಕೊಡುವುದೂ ಕಲ್ಯಾಣವೇ ಅಲ್ಲವೇ? ಎಸ್ಟಿಮೇಟಿನಲ್ಲಿ ಸಿಮೆಂಟು, ಕಬ್ಬಿಣ, ಕಡಿಗೆ ಒಂದೊಂದು ಸಾಲು ಇರುವಂತೆ ಕಲಿಕೆಗೂ ಒಂದು ಸಾಲು ಬರಲಿ. ಕಲಿಸಿದ ದಿನಕ್ಕೂ ಕೂಲಿ ಸಿಗುವಂತಾದರೆ, ಕಟ್ಟುವವರು ಬದಲಾದರೂ ಕಟ್ಟುವ ಅರಿವು ಊರಲ್ಲಿ ಉಳಿಯುತ್ತದೆ.