ಈಡಿನ ದೂರ

ಹಕ್ಕಿಯ ಕಣ್ಣು ಕಾಣದಷ್ಟು ದೂರದಿಂದ ಈಡು ಹಾರಿಸಬಾರದು ಎಂದು ಮಾಗಡಿ ಕಡೆಯ ಹಿರಿಯರೊಬ್ಬರು ಹೇಳುತ್ತಿದ್ದುದನ್ನು ನಾವು ಚಿಕ್ಕವರಿದ್ದಾಗ ಕೇಳಿದ್ದೇವೆ. ಕಾರಣ ಸರಳ. ನಾಡಕೋವಿಯ ಚರೆ ದೂರ ಹೋದಷ್ಟೂ ಚದುರುತ್ತದೆ, ಬಲ ಕಳೆದುಕೊಳ್ಳುತ್ತದೆ. ಒಂದೆರಡು ಕಾಳು ತಗುಲಿದ ಕಾಡುಕೋಳಿ ಪೊದೆ ಸೇರಿ ನರಳಿ ಸಾಯುತ್ತದೆ. ಹೊಡೆದವನು ಗುರಿ ತಪ್ಪಿತೆಂದು ಮನೆಗೆ ಹೋಗುತ್ತಾನೆ.

ಪ್ರವಾದಿವರ್ಯರು(ಸ) ಅದೀ ಬಿನ್ ಹಾತಿಮ್(ರ)ರಿಗೆ ಬೇಟೆಯ ನಿಯಮ ತಿಳಿಸುವಾಗ, ಬಾಣ ತಗುಲಿದ ಪ್ರಾಣಿ ನೀರಿಗೆ ಬಿದ್ದು ಸತ್ತಿದ್ದರೆ ತಿನ್ನಬಾರದೆಂದರು. ಕೊಂದದ್ದು ಬಾಣವೋ ನೀರೋ ತಿಳಿಯದು. ಅಂದರೆ ಬಿಸ್ಮಿಲ್ಲಾ ಹೇಳಿದರಷ್ಟೇ ಸಾಲದು; ತನ್ನ ಏಟು ಏನು ಮಾಡಿತೆಂಬುದು ಹೊಡೆದವನಿಗೆ ಗೊತ್ತಿರಬೇಕು.

ಹಾಗಾದರೆ ಹತ್ತಿರದಿಂದ ಹೊಡೆದರೆ ಎಲ್ಲ ಸರಿಯೇ? ಕುರ್‌ಆನಿನ ಅಲ್ ಮಾಇದ ಅಧ್ಯಾಯವು ಇಹ್ರಾಮ್ ತೊಟ್ಟವರಿಗೆ ಕೈಗೂ ಭರ್ಜಿಗೂ ನಿಲುಕುವ ಬೇಟೆಯೇ ಪರೀಕ್ಷೆ ಎನ್ನುತ್ತದೆ. ನಿಲುಕಿದ್ದೆಲ್ಲ ನಮ್ಮದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸಾವನದುರ್ಗದ ನವಿಲು, ಕಾಡುಕೋಳಿಗಳು ಎಷ್ಟು ಹತ್ತಿರ ಬಂದರೂ ನಮ್ಮವಲ್ಲ.

ಕೋವಿ ಮೂಲೆ ಸೇರಿದರೂ ಪ್ರಶ್ನೆ ಉಳಿದಿದೆ. ದನದ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್, ಆ ದನದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಜಾನುವಾರುಗಳಿಗೆ ಆ ಔಷಧ ನಿಷೇಧವಾಯಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು.

ಔಷಧ ಕೊಟ್ಟ ರೈತನಿಗೆ ಹದ್ದು ಕಂಡಿರಲಿಲ್ಲ. ಅದು ಅವನ ಪಾಪವಲ್ಲ, ತಿಳಿಯದೆ ಆದದ್ದು. ಆದರೆ ತಿಳಿದ ಮೇಲೂ ನಾವು ಮುಖ ತಿರುಗಿಸಿದರೆ, ಗುರಿ ತಪ್ಪಿತೆಂದು ಮನೆಗೆ ಹೋದವನಿಗೂ ನಮಗೂ ಏನು ವ್ಯತ್ಯಾಸ?